ಹದಿನಾಲ್ಕನೇ ದಿನ, ಮೂವತ್ತೊಂದು ಕಿಲೋಮೀಟರ್

ಅಕ್ಟೋಬರ್ 4, ಶನಿವಾರ

ನಿನ್ನೆ ಸಂಜೆ ಐದೂ ಕಾಲಿಗೆ ಮನೆ ಬಾಗಿಲಲ್ಲಿ ಕಾಲು ಊರಿದೆ. ಇಪ್ಪತ್ತೊಂದು ದಿನ. ಸಮುದ್ರದ ತನಕ ಹೋಗಿ ವಾಪಸ್, ಸಾವಿರದ ನಾನೂರ ಹನ್ನೆರಡು ಕಿಲೋಮೀಟರ್. ಒಬ್ಬನೇ.

ದಾರಿಯ ಲೆಕ್ಕ ಬರೆಯಲು ತಗೊಂಡಿದ್ದ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿವೆ. ಖಾಲಿ ಹಾಳೆ ಬಿಸಾಡುವವನು ನಾನಲ್ಲ. ಅದಕ್ಕೆ ಬರೀತಿದ್ದೀನಿ, ಯಾವ ಘನಕಾರ್ಯಕ್ಕೂ ಅಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ, ನನಗೆ ಅರ್ಥವಾದರೆ ಸಾಕು. ದಾರಿಯ ಹಾಳೆಗಳನ್ನು ಬೇಕಾದವರು ನೋಡಲಿ. ಇಲ್ಲಿಂದ ಮುಂದೆ ಯಾರಾದರೂ ಓದಿದರೆ ಕೈ ಮುರೀತೀನಿ.

ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು, ಎರಡಕ್ಕೂ ಜೀವ ಇಲ್ಲ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋಳು, ಅರ್ಧ ಡಾಕ್ಟರು ಅಂದುಕೊಂಡಿದ್ದಾಳೆ. ಇಷ್ಟು ದಿನ ಹ್ಯಾಂಡಲ್ ಮೇಲೆ ಭಾರ ಹಾಕಿ ನರ ಒತ್ತಿದೆ, ತಾನಾಗಿ ಸರಿಹೋಗುತ್ತೆ ಅಂದಳು. ಬೆಳಿಗ್ಗೆ ಅಂಗಿ ಗುಂಡಿ ಹಾಕಿಕೊಳ್ಳಲಾಗದೆ ಹೆಂಡತಿಯನ್ನು ಕರೆಯಬೇಕಾಯ್ತು. ಇವಳು ಗುಂಡಿ ಹಾಕುತ್ತಾ, ಸಮುದ್ರ ಹುಡುಕಿಕೊಂಡು ಹೋದವರಿಗೆ ಗುಂಡಿ ಸಿಗ್ತಿಲ್ವಾ ಅಂದಳು. ಮದುವೆಯಾಗಿ ನಲವತ್ತೊಂದು ವರ್ಷ. ಇವಳ ಹೊಲಿಗೆ ಮಿಷನ್ನಿನ ಸೂಜಿ ಎಷ್ಟು ಸವೆದಿವೆಯೋ, ನಾಲಿಗೆ ಮಾತ್ರ ಹಾಗೇ ಇದೆ.

ಬೀದಿಯವರೆಲ್ಲ ಬಂದು ನೋಡಿ ಹೋದರು, ಎರಡು ತಲೆಯ ಕರು ಹುಟ್ಟಿದೆ ಅನ್ನೋ ಹಾಗೆ. ಎಲ್ಲರದೂ ಒಂದೇ ಪ್ರಶ್ನೆ, ಅರವತ್ತೆಂಟನೇ ವಯಸ್ಸಿಗೆ ಇದೆಲ್ಲ ಯಾಕೆ. ನಲವತ್ತಾರು ವರ್ಷ ಸೈಕಲ್ ರಿಪೇರಿ ಮಾಡಿದೆ. ಊರಿನ ಸೈಕಲ್ಲೆಲ್ಲ ನನ್ನ ಕೈ ದಾಟಿ ಎಲ್ಲೆಲ್ಲಿಗೋ ಹೋದವು, ನಾನು ಮಾತ್ರ ಅಂಗಡಿ ಮುಂದಿನ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಹೋದ ವರ್ಷ ಅಂಗಡಿ ಮುಚ್ಚಿದೆ, ಈ ವರ್ಷ ಹೊರಟೆ. ಇದರಲ್ಲಿ ಅರ್ಥವಾಗದೇ ಇರೋದು ಏನಿದೆ?

ಹೊರಡುವಾಗ ಒಂದೇ ಹಟ ಹಿಡಿದಿದ್ದೆ. ದಾರಿಯಲ್ಲಿ ಏನೇ ಆಗಲಿ, ನನ್ನ ಸೈಕಲ್ ಮೇಲೆ ಇನ್ನೊಬ್ಬನ ಕೈ ಬೀಳಬಾರದು. ಪಂಕ್ಚರ್ ನಾನೇ ಹಾಕಬೇಕು, ಚಕ್ರದ ಬೆಂಡ್ ನಾನೇ ತೆಗೀಬೇಕು. ಹಾಗೇ ನಡೆಸಿದೆ. ಇಪ್ಪತ್ತೊಂದು ದಿನ ನನ್ನ ಬಿಟ್ಟು ಬೇರೆ ಯಾರೂ ಅದರ ಒಂದು ನಟ್ ಮುಟ್ಟಿಲ್ಲ.

ಇದನ್ನು ಜಂಬದಿಂದ ಬರೆಯೋಣ ಅಂತಲೇ ಪೆನ್ನು ಹಿಡಿದದ್ದು. ಸಾಕು. ಮಂಡಿ ನೋಯ್ತಿದೆ.

ಅಕ್ಟೋಬರ್ 6, ಸೋಮವಾರ

ಲೈಬ್ರರಿ ನೋಡಿಕೊಳ್ಳೋ ಹೆಂಗಸು ಬಂದಿದ್ದಳು. ಕೊರಳಲ್ಲಿ ಒಂದು ಕನ್ನಡಕ, ತಲೆ ಮೇಲೆ ಇನ್ನೊಂದು, ಆದರೂ ಕೈಚೀಲದೊಳಗೆ ಮೂರನೆಯದನ್ನು ಹುಡುಕುತ್ತಿದ್ದಳು. ಹತ್ತೊಂಬತ್ತನೇ ತಾರೀಖು ಭಾನುವಾರ ಬೆಳಿಗ್ಗೆ ಲೈಬ್ರರಿಯಲ್ಲಿ ನಾನು ನನ್ನ ಪ್ರಯಾಣದ ಬಗ್ಗೆ ಒಂದು ಗಂಟೆ ಮಾತಾಡಬೇಕಂತೆ. ಒಂದು ನಿಮಿಷವೂ ನನ್ನಿಂದಾಗಲ್ಲ ಅಂದೆ. ಒಳಗಿಂದ ಇವಳು, ಬಯ್ಯೋದಾದರೆ ಎರಡು ಗಂಟೆ ಬಿಡದೆ ಮಾತಾಡ್ತಾರೆ, ಬರೆದುಕೊಳ್ಳಿ ಅಂದಳು. ಇಬ್ಬರೂ ನಕ್ಕರು. ನೋಡಿದರೆ ಆಕೆ ಆಗಲೇ ನೋಟೀಸು ಅಂಟಿಸಿ ಬಂದಿದ್ದಾಳೆ. "ಏಕಾಂಗಿ ಸಾಧಕ" ಅಂತ ಹಾಕಿದ್ದಾಳಂತೆ. ನನ್ನ ಕೇಳದೆ ನನ್ನ ಮೇಲೆ ಬೋರ್ಡು ಬರೆಯೋಕೆ ನಾನೇನು ಬಸ್ಸಾ ಅಂತ ಕೇಳಿದೆ. ಅದಕ್ಕೂ ನಕ್ಕಳು.

ಊಟದ ಹೊತ್ತಿಗೆ ಮಗಳು ದಾರಿಯ ಹಾಳೆ ತೆಗೆದು ಜೋರಾಗಿ ಓದತೊಡಗಿದಳು. ಎಂಟನೇ ದಿನ, 74, ಎದುರುಗಾಳಿ, ಲಾಡ್ಜಿನವನು ಕತ್ತೆ. ಒಂಬತ್ತನೇ ದಿನ, 80, ಈ ಲಾಡ್ಜಿನವನು ನಿನ್ನೆಯವನ ಅಣ್ಣ ಇರಬೇಕು. ಹನ್ನೊಂದು, ಸಮುದ್ರ, ನೀರು ಉಪ್ಪು. ಇವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಸಮುದ್ರದ ನೀರು ಉಪ್ಪು ಅಂತ ತಿಳಿಯೋಕೆ ಹನ್ನೊಂದು ದಿನ ಬೇಕಾಯ್ತಾ ಅಂದಳು.

ಆಮೇಲೆ ಹದಿನಾಲ್ಕು. 31 ಅಂತ ಇದೆ. ಮುಂದೆ ಏನೂ ಇಲ್ಲ.

"ಅಪ್ಪ, ದಿನಾ ಎಪ್ಪತ್ತು ಎಂಬತ್ತು ಹೊಡೆದಿದ್ದೀಯ. ಇದೊಂದು ದಿನ ಏನಾಯ್ತು?"

ಪುಸ್ತಕ ಕಿತ್ತುಕೊಂಡೆ. ನೀರಿನ ಲೋಟ ಉರುಳಿತು. ಏನು ಅಂದೆನೋ ಪೂರ್ತಿ ನೆನಪಿಲ್ಲ, ನೆನಪಿರುವಷ್ಟನ್ನು ಬರೆಯಲ್ಲ. ಮಗಳಿಗೆ ಮೂವತ್ತೆಂಟು, ಬೈದರೆ ಅಳೋ ವಯಸ್ಸಲ್ಲ. ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಇವಳು ಚೆಲ್ಲಿದ ನೀರನ್ನು ಒರೆಸಿದಳು, ನನ್ನ ಕಡೆ ನೋಡಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಮಂಡಿಗೆ ಎಣ್ಣೆ. ಮನೆಯಲ್ಲಿ ಮಾತಿಲ್ಲ. ಹಾಲಿನವನು ಹತ್ತು ನಿಮಿಷ ತಡ ಮಾಡಿದ, ಸರಿಯಾಗಿ ಜಾಡಿಸಿದೆ.

ಅಕ್ಟೋಬರ್ 9, ಗುರುವಾರ

ಬರೆದುಬಿಡ್ತೀನಿ. ತಲೆಯಲ್ಲಿ ಇಟ್ಟುಕೊಂಡರೆ ಬೇರಿಂಗಿನಲ್ಲಿ ಸಿಕ್ಕಿದ ಮರಳಿನ ಹಾಗೆ ತಿರುಗಿದಷ್ಟೂ ಕೊರೀತದೆ.

ಹದಿಮೂರನೇ ದಿನ ಸಂಜೆ ಒಂದು ಸಣ್ಣ ಊರಿನ ಲಾಡ್ಜಿನಲ್ಲಿ ಇಳಿದೆ. ಮುಂದಿನ ಚಕ್ರದ ಗಾಳಿ ನಿಧಾನಕ್ಕೆ ಇಳೀತಿತ್ತು. ಅಂಗಳದಲ್ಲೇ ಚಕ್ರ ಬಿಚ್ಚಿ ಹೊಸ ಟ್ಯೂಬ್ ಹಾಕಿದೆ. ಚಕ್ರವನ್ನು ಫೋರ್ಕಿಗೆ ಕೂರಿಸಿ ಎರಡೂ ಕಡೆ ನಟ್ ಕೈಯಲ್ಲಿ ತಿರುಗಿಸಿದೆ. ಜೇಬಿನಿಂದ ಸೀಮೆಸುಣ್ಣ ತೆಗೆದು ನಟ್ಟಿನ ಮೇಲೆ ಗೆರೆ ಎಳೆದೆ. ಅಷ್ಟರಲ್ಲಿ ಲಾಡ್ಜಿನವನು, ಬಿಸಿನೀರು ಬೇಕಾದರೆ ಈಗಲೇ ಬನ್ನಿ, ಆಮೇಲೆ ಸಿಗಲ್ಲ ಅಂತ ಕೂಗಿದ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನ ಜೊತೆ ಜಗಳ ಆಡಿಕೊಂಡೇ ಸ್ನಾನಕ್ಕೆ ಹೋದೆ.

ಬೆಳಿಗ್ಗೆ ಗೆರೆ ನೋಡಿದೆ. ಬ್ಯಾಗು ಕಟ್ಟಿದೆ. ಹೊರಟೆ.

ಆರು ಕಿಲೋಮೀಟರ್ ಆದಮೇಲೆ ಇಳಿಜಾರು. ಹ್ಯಾಂಡಲ್ ನಡುಗಿತು. ರಸ್ತೆ ಕೆಟ್ಟದ್ದು ಅಂದುಕೊಂಡೆ. ಮತ್ತೆ ನಡುಗಿತು, ಈ ಸಲ ಚಕ್ರ ಪಕ್ಕಕ್ಕೆ ವಾಲಿದ್ದು ಕಣ್ಣಿಗೇ ಕಂಡಿತು. ಎರಡೂ ಕಾಲು ನೆಲಕ್ಕೆ ಉಜ್ಜಿ, ಪಕ್ಕದ ಹುಲ್ಲಿಗೆ ನುಗ್ಗಿ ಹೇಗೋ ನಿಲ್ಲಿಸಿದೆ. ಬಗ್ಗಿ ನೋಡಿದೆ. ಗೆರೆ ಇತ್ತು, ಬೆಳ್ಳಗೆ, ನೇರವಾಗಿ, ನನ್ನ ಕೈಯದೇ. ನಟ್ ಹಿಡಿದೆ. ಎರಡೇ ಬೆರಳಲ್ಲಿ ತಿರುಗಿತು.

ಮೊದಲು ಬಾಯಿಗೆ ಬಂದದ್ದು ಬೈಗುಳ. ಯಾವನು ಬಿಚ್ಚಿದ ಅಂತ. ಆಮೇಲೆ ಸುತ್ತ ನೋಡಿದೆ. ಯಾರೂ ಇಲ್ಲ. ಈ ಸೈಕಲ್ ಮುಟ್ಟಿದವನು ನಾನೊಬ್ಬನೇ. ಬೈಯೋಣ ಅಂದರೆ ಇನ್ನೊಬ್ಬ ಬೇಕಲ್ಲ.

ಮಧ್ಯಾಹ್ನ ತಿರುಗುವ ತನಕ ಆ ಹುಲ್ಲಿನ ಮೇಲೆ ಕೂತಿದ್ದೆ. ಅದಕ್ಕೇ ಆವತ್ತು ಮೂವತ್ತೊಂದು.

ಉದ್ದನ ವಿಷಯ ಈಗ ಬರೆಯಲೇಬೇಕು. ಉದ್ದ ಅಂದರೆ ನನ್ನ ಜೊತೆ ಇಪ್ಪತ್ತೆರಡು ವರ್ಷ ಅಂಗಡಿಯಲ್ಲಿ ಕೆಲಸ ಮಾಡಿದವನು. ನನಗಿಂತ ಏಳು ವರ್ಷ ಚಿಕ್ಕವನು, ಆದರೆ ಒಂದೂವರೆ ಅಡಿ ಹೆಚ್ಚು ಎತ್ತರ, ಅದಕ್ಕೇ ಆ ಹೆಸರು. ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಬಗ್ಗಿ ಬರುತ್ತಿದ್ದ. ಅವನಿಗೆ ಮೊದಲ ದಿನವೇ ಅಂಗಡಿಯ ಕಾಯಿದೆ ಹೇಳಿದ್ದೆ. ನಟ್ ಬಿಗಿ ಮಾಡಿದವನು ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೀಬೇಕು. ಗೆರೆ ಇದ್ದರೆ ಆ ಕೆಲಸ ಮುಗಿದಿದೆ, ಇನ್ನೊಬ್ಬ ಮುಟ್ಟಬಾರದು. ಇಬ್ಬರು ಒಂದೇ ಸೈಕಲ್ ಮೇಲೆ ಕೆಲಸ ಮಾಡುವಾಗ ಇದು ಬೇಕು.

ಹನ್ನೊಂದು ವರ್ಷದ ಹಿಂದೆ ಗಣಿತದ ಟೀಚರ್ ತಮ್ಮ ಸೈಕಲ್ ಬಿಟ್ಟು ಹೋಗಿದ್ದರು. ಮುಂದಿನ ಚಕ್ರ ನಾನು ಹಾಕಿದೆ, ಚೈನು ಬ್ರೇಕು ಉದ್ದ ನೋಡಿದ, ಸೈಕಲ್ ಅವನೇ ಅವರ ಕೈಗೆ ಕೊಟ್ಟ. ಸೇತುವೆಯ ಇಳಿಜಾರಿನಲ್ಲಿ ಮುಂದಿನ ಚಕ್ರ ಕಳಚಿಕೊಂಡಿತು. ಟೀಚರ್ ಸೊಂಟ ಮುರಿಯಿತು. ಆಮೇಲೆ ಅವರು ಕೋಲಿಲ್ಲದೆ ನಡೆದದ್ದನ್ನು ನಾನು ನೋಡಿಲ್ಲ.

ಅವರ ಕಡೆಯವರು, ಅರ್ಧ ಬೀದಿ, ಎಲ್ಲ ಅಂಗಡಿ ಮುಂದೆ ನಿಂತಿದ್ದರು. ಉದ್ದ ಒಂದೇ ಮಾತು ಹೇಳಿದ. ಅಣ್ಣ, ಗೆರೆ ಇತ್ತು, ಅದಕ್ಕೆ ನಾನು ಮುಟ್ಟಲಿಲ್ಲ ಅಂದ. ನಾನು ಎಲ್ಲರಿಗೂ ಕೇಳೋ ಹಾಗೆ, ನನ್ನ ಗೆರೆ ಇದ್ದ ಮೇಲೆ ನಟ್ ಬಿಗಿ ಇದ್ದೇ ಇರುತ್ತೆ, ನೀನು ಯಾತಕ್ಕೋ ಬಿಚ್ಚಿ, ಹಾಕೋದು ಮರೆತು, ಈಗ ಸುಳ್ಳು ಬೊಗಳ್ತಿದ್ದೀಯ ಅಂದೆ. ಅವನು ಏಪ್ರನ್ ಬಿಚ್ಚಿ, ಮಡಚಿ, ಬೆಂಚಿನ ಮೇಲಿಟ್ಟ. ಹೋಗುವಾಗ ಆವತ್ತೊಂದು ದಿನ ಬಗ್ಗೋದು ಮರೆತು ಶಟರಿಗೆ ಹಣೆ ಹೊಡೆದುಕೊಂಡ. ಯಾರೋ ನಕ್ಕರು.

ಮನೆಗೆ ಬಂದು ಇವಳಿಗೂ ಮಗಳಿಗೂ ಹೇಳಿದೆ, ಈ ಮನೆಯಲ್ಲಿ ಅವನ ಹೆಸರು ಎತ್ತಕೂಡದು ಅಂತ. ಎತ್ತಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಒಂದು ಸಲ ತಪ್ಪಿದರೆ ಯಾವಾಗಲೂ ತಪ್ಪಿದ ಹಾಗಾ? ನೋಡೇಬಿಡೋಣ ಅಂತ ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಸೈಕಲ್ ತಲೆಕೆಳಗೆ ನಿಲ್ಲಿಸಿದೆ. ಮುಂದಿನ ಚಕ್ರ ಬಿಚ್ಚಿದೆ, ಹಾಕಿದೆ. ಯೋಚನೆ ಮಾಡದೆ, ಕೈ ಹೋದ ಹಾಗೆ. ಹತ್ತು ಸಲ.

ಏಳು ಸಲ ಗೆರೆ ಮೊದಲು, ಸ್ಪ್ಯಾನರ್ ಆಮೇಲೆ.

ಯಾಕೆ ಅಂತಲೂ ಗೊತ್ತು. ಅಂಗಡಿ ತುಂಬಿದಾಗ ಹತ್ತು ಜನ ಹತ್ತು ಕಡೆಯಿಂದ ಕರೀತಿದ್ದರು. ಗೆರೆ ಎಳೆದರೆ ಇದು ನಂದು, ನಾನು ಬರ್ತೀನಿ, ಯಾರೂ ಕೈ ಹಾಕಬೇಡಿ ಅಂತ. ಉದ್ದನಿಗೆ ಹೇಳಿಕೊಟ್ಟದ್ದು ಕೆಲಸ ಮುಗೀತು ಅಂತ. ನನ್ನ ಕೈ ಹೇಳ್ತಿದ್ದದ್ದು ಬೇರೆ. ಬಹಳ ಸಲ ವಾಪಸ್ ಬಂದು ಸ್ಪ್ಯಾನರ್ ಹಾಕಿದ್ದೀನಿ, ಅದಕ್ಕೇ ಊರು ಉಳೀತು.

ಟೀಚರ್ ಸೈಕಲ್ಲಿನ ದಿನ ನಾನು ಯಾರ ಮೇಲೋ ಕೂಗಾಡುತ್ತಿದ್ದೆ. ಯಾರ ಮೇಲೆ, ಯಾವ ವಿಷಯಕ್ಕೆ, ಒಂದೂ ನೆನಪಿಲ್ಲ. ಕೂಗಾಡಿದ್ದು ಮಾತ್ರ ನೆನಪಿದೆ. ಸೀಮೆಸುಣ್ಣ ಕೈಯಲ್ಲೇ ಇತ್ತು.

ಅಕ್ಟೋಬರ್ 12, ಭಾನುವಾರ

ಇವಳು ಮಿಷನ್ ಮುಂದೆ ಕೂತು ದಪ್ಪ ನೀಲಿ ಬಟ್ಟೆ ಹೊಲೀತಿದ್ದಳು. ಅಂಚು ಮಡಚಿ ಎರಡೆರಡು ಹೊಲಿಗೆ ಹಾಕಿ, ಮೂಲೆಗೆ ಹಿತ್ತಾಳೆ ತೂತುಬಿಲ್ಲೆ ಬಡಿಯೋದು. ಈ ಬಟ್ಟೆ ನಮ್ಮ ಮನೆಯಲ್ಲಿ ಬಿದ್ದಿರೋದನ್ನು ಎಷ್ಟು ವರ್ಷದಿಂದ ನೋಡಿದ್ದೀನೋ. ಎಷ್ಟೋ ಸಲ ಕಾಲಿಗೆ ಸಿಕ್ಕಿತು ಅಂತ ಒದ್ದಿದ್ದೀನಿ. ಇದು ಯಾರಿಗೆ ಅಂತ ಕೇಳಿದೆ.

ಇವಳು ಮಿಷನ್ ನಿಲ್ಲಿಸಿದಳು. ಎಂಟು ವರ್ಷದಿಂದ ಹೊಲೀತಿದ್ದೀನಿ, ಇವತ್ತು ಕೇಳಬೇಕು ಅನ್ನಿಸ್ತಾ ಅಂದಳು. ಆಸ್ಪತ್ರೆಯ ವೀಲ್‌ಚೇರ್ ಸೀಟುಗಳಂತೆ. ನೆಲಮಾಳಿಗೆಯಲ್ಲಿ ಒಂದು ರಿಪೇರಿ ಕೋಣೆ ಇದೆಯಂತೆ, ಹರಿದ ಸೀಟು ಬಿಚ್ಚಿ ಕಳಿಸ್ತಾರಂತೆ. ಯಾರು ಕಳಿಸ್ತಾರೆ ಅಂದೆ. ಇವಳು ಕತ್ತರಿ ಎತ್ತಿಕೊಂಡು, ಇಟ್ಟು, ಮತ್ತೆ ಎತ್ತಿಕೊಂಡಳು.

"ಹೆಸರು ಎತ್ತಬೇಡ ಅಂದದ್ದು ನೀವೇ."

ನಾನು ಕೂಗ್ತೀನಿ ಅಂತ ಕಾದಳು. ನಾನೂ ಕಾದೆ. ಒಳಗಿಂದ ಏನೂ ಬರಲಿಲ್ಲ. ಆ ಕೋಣೆಗೆ ಯಾವ ಬಾಗಿಲಿಂದ ಹೋಗಬೇಕು ಅಂತ ಕೇಳಿದೆ. ಹಿಂದಿನ ಬಾಗಿಲು, ಅಡುಗೆಮನೆಯ ಪಕ್ಕದ ಇಳಿಜಾರು, ನಾಳೆ ಎಂಟಕ್ಕೆಲ್ಲ ಬಂದಿರ್ತಾರೆ ಅಂದಳು. ಅವನು ಯಾವ ಹೊತ್ತಿಗೆ ಬರ್ತಾನೆ ಅಂತ ನಾನು ಕೇಳಿರಲಿಲ್ಲ.

ಅಕ್ಟೋಬರ್ 13, ಸೋಮವಾರ

ಹೋಗಿದ್ದೆ.

ತಲೆಗೆ ತಾಗೋ ಹಾಗೆ ಪೈಪುಗಳು ಹೋಗಿರುವ ಕೋಣೆ. ಉದ್ದನಿಗೆ ಅಲ್ಲೂ ಬಗ್ಗಿಕೊಂಡೇ ಇರೋ ಯೋಗ. ಗೋಡೆ ಪಕ್ಕ ಚಕ್ರವಿಲ್ಲದ ವೀಲ್‌ಚೇರುಗಳ ಸಾಲು, ಒಂದರ ಮೇಲೊಂದು. ಸ್ಪ್ಯಾನರುಗಳನ್ನು ಅಳತೆ ಪ್ರಕಾರ ಮೊಳೆಗೆ ನೇತುಹಾಕಿದ್ದಾನೆ, ನಮ್ಮ ಅಂಗಡಿಯಲ್ಲಿ ಹಾಕಿದ್ದ ಹಾಗೇ. ತಲೆ ಪೂರ್ತಿ ಬೆಳ್ಳಗಾಗಿದೆ. ಒಂದು ಚಕ್ರ ತಿರುಗಿಸಿ ಬೆಂಡ್ ನೋಡುತ್ತಿದ್ದವನು ತಲೆ ಎತ್ತಿದ.

"ಏನು ಬೇಕಿತ್ತು ಸಾರ್?"

ಇಪ್ಪತ್ತೆರಡು ವರ್ಷ ಅಣ್ಣ ಅಂದ ಬಾಯಿ. ದಾರಿಯಲ್ಲಿ ಏಳು ದಿನ, ಮನೆಯಲ್ಲಿ ಹತ್ತು ದಿನ ಜೋಡಿಸಿಕೊಂಡ ಮಾತೆಲ್ಲ ಆ ಒಂದು ಸಾರ್‌ಗೆ ಉದುರಿಹೋಯ್ತು. ನಿಂತಲ್ಲೇ ಹೇಳಿದೆ. ಟೀಚರ್ ಸೈಕಲ್ಲಿನ ಗೆರೆ ನಂದು, ನಟ್ ಬಿಗಿ ಮಾಡಿರಲಿಲ್ಲ, ನೀನು ಮುಟ್ಟಿರಲಿಲ್ಲ, ನೀನು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಹದಿನಾಲ್ಕನೇ ದಿನದ್ದೂ ಹೇಳಿದೆ.

ಚಕ್ರ ತಿರುಗಿ ತಿರುಗಿ ತಾನಾಗಿ ನಿಲ್ಲುವ ತನಕ ಅವನು ಅದನ್ನೇ ನೋಡುತ್ತಿದ್ದ.

"ನನಗೆ ಗೊತ್ತಿರೋದನ್ನೇ ಬಂದು ಹೇಳ್ತಿದ್ದೀರಿ. ಗೊತ್ತಿಲ್ಲದವರಿಗೆ ಹೋಗಿ ಹೇಳಿ."

ಆಮೇಲೆ, ನಾನು ಕೇಳದೆಯೇ, ಕೆಲಸ ಮಾಡುತ್ತಲೇ ಇನ್ನಷ್ಟು ಹೇಳಿದ. ತಿಂಗಳಿಗೊಂದು ಗುರುವಾರ ಟೀಚರ್ ಸೊಂಟ ತೋರಿಸೋಕೆ ಇದೇ ಆಸ್ಪತ್ರೆಗೆ ಬರ್ತಾರಂತೆ. ಬಾಗಿಲಿಂದ ಡಾಕ್ಟರ ಕೋಣೆಗೆ ಉದ್ದನೆಯ ಹಾದಿ. ವೀಲ್‌ಚೇರ್ ಕೊಟ್ಟರೆ, ಅವನು ಮುಟ್ಟಿದ ಚಕ್ರದ ಮೇಲೆ ನಾನು ಕೂರಲ್ಲ ಅಂತ ಕೋಲು ಊರಿಕೊಂಡು ನಡೆದೇ ಹೋಗ್ತಾರಂತೆ, ನಡುವೆ ನಾಲ್ಕು ಕಡೆ ಗೋಡೆ ಹಿಡಿದು ನಿಂತು. ಎಂಟು ವರ್ಷದಿಂದ. ಆಸ್ಪತ್ರೆಯವರಿಗೆಲ್ಲ ಇದು ಗೊತ್ತಂತೆ.

ಇದನ್ನು ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಿಡಿದುಕೊಳ್ಳೋಕೆ ಏನಾದರೂ ಸಿಗ್ತಿತ್ತು.

ಅಕ್ಟೋಬರ್ 15, ಬುಧವಾರ

ಟೀಚರ್ ಮನೆ ಇಲ್ಲಿಂದ ಮೂರನೇ ಬೀದಿ. ನಿನ್ನೆ ಅವರ ಗೇಟಿನ ತನಕ ಹೋಗಿ ವಾಪಸ್ ಬಂದೆ. ಇವತ್ತು ಗೇಟಿನ ಚಿಲಕ ಮುಟ್ಟಿ ವಾಪಸ್ ಬಂದೆ. ಸಾವಿರದ ನಾನೂರು ಕಿಲೋಮೀಟರ್ ಹೊಡೆದ ಕಾಲು.

ಲೈಬ್ರರಿಯ ಹೆಂಗಸು ದಾರಿಯಲ್ಲಿ ಸಿಕ್ಕಿ ನಕ್ಷೆ ರೆಡಿ ಮಾಡಿದ್ದೀನಿ, ಕೆಂಪು ದಾರದಲ್ಲಿ ನಿಮ್ಮ ದಾರಿ ತೋರಿಸಿದ್ದೀನಿ ಅಂದಳು. ಒಳ್ಳೇದು ಅಂದೆ. ಆಕೆ ನನ್ನ ಮುಖವನ್ನೇ ನೋಡಿದಳು, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದಳು.

ಅಕ್ಟೋಬರ್ 17, ಶುಕ್ರವಾರ

ಚಿಲಕ ತೆಗೆದೆ.

ಟೀಚರ್ ಒಬ್ಬರೇ ಇದ್ದರು. ಕುರ್ಚಿಯಲ್ಲಿ ಕೂತು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಟೇಬಲ್ ತುಂಬ ಯಾರದೋ ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಿದ್ದರು. ಸಮುದ್ರಕ್ಕೆ ಹೋಗಿ ಬಂದಿರಂತೆ, ಭಾನುವಾರ ನಾನೂ ಬರೋಣ ಅಂತಿದ್ದೆ ಅಂದರು. ಅಷ್ಟು ಮರ್ಯಾದೆಯಿಂದ ಮಾತಾಡಿದ್ದು ಅದೇ ಕೊನೆ.

ನಾನು ಹೇಳಿ ಮುಗಿಸುವ ತನಕ ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿರಲಿಲ್ಲ. ಹಾಳೆ ಮೇಲೆ ಚುಕ್ಕೆ ದೊಡ್ಡದಾಗುತ್ತಾ ಹೋಯ್ತು. ನಟ್ ಬಿಗಿ ಮಾಡದೆ ಗೆರೆ ಎಳೆದದ್ದು ಹೇಗೆ ಅಂತ ಎರಡು ಸಲ ಕೇಳಿದರು. ಕೈಯಲ್ಲಿ ತೋರಿಸಿದೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು.

"ಮೊದಲನೇ ಸಾಲು ತಪ್ಪಿದ್ದರೆ ಕೆಳಗಿನದೆಲ್ಲ ಸುಮ್ಮನೆ ಹೊಡೆದುಹಾಕ್ತಿದ್ದೆ, ಮೂವತ್ತು ವರ್ಷ. ನನ್ನ ಲೆಕ್ಕದ ಮೊದಲನೇ ಸಾಲು ನೀವು ಹೇಳಿದ್ದು. ನಾನು ತಿರುಗಿ ನೋಡಲೇ ಇಲ್ಲ."

ತಪ್ಪಾಯ್ತು ಅಂದೆ. ಆ ಮಾತು ಬಾಯಿಂದ ಬರೋದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ, ಅದರಿಂದ ಇಷ್ಟು ಕಮ್ಮಿ ಕೆಲಸ ಆಗುತ್ತೆ ಅಂತಲೂ ಗೊತ್ತಿರಲಿಲ್ಲ. ಅವರು ಇನ್ನು ಹೊರಡಿ ಅಂದರು. ಬಾಗಿಲ ತನಕ ಹೋದಾಗ ಹಿಂದಿನಿಂದ ಹೇಳಿದರು, ಆವತ್ತು ನೀವು ನನ್ನೊಬ್ಬಳಿಗೆ ಹೇಳಿದ್ದಲ್ಲ, ಬೀದಿಗೆಲ್ಲ ಹೇಳಿದ್ದು ಅಂತ.

ಅಕ್ಟೋಬರ್ 18, ಶನಿವಾರ

ಅಂಗಿ ಗುಂಡಿ ನಾನೇ ಹಾಕಿಕೊಂಡೆ. ಕಿರುಬೆರಳು ಇನ್ನೂ ಮರದ ಕಡ್ಡಿ, ಪಕ್ಕದ್ದಕ್ಕೆ ಸ್ವಲ್ಪ ಜೀವ ಬಂದಿದೆ.

ಹಾಲಿನವನು ಅರ್ಧ ಗಂಟೆ ತಡ ಮಾಡಿದ. ಪಾತ್ರೆ ಒಳಗಿಟ್ಟು ಬಂದೆ. ಇವಳು ನನ್ನ ಹಣೆ ಮುಟ್ಟಿ ನೋಡಿ, ಜ್ವರ ಏನಾದರೂ ಬಂದಿದೆಯಾ ಅಂತ ಕೇಳಿದಳು. ಯಾಕೆ ಕೇಳಿದಳೋ. ಚೆನ್ನಾಗೇ ಇದ್ದೀನಿ.

ಅಕ್ಟೋಬರ್ 19, ಭಾನುವಾರ

ಲೈಬ್ರರಿಯಲ್ಲಿ ಕುರ್ಚಿ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ನಕ್ಷೆಯ ಮೇಲೆ ಕೆಂಪು ದಾರ. ಹದಿನಾಲ್ಕನೇ ದಿನದ ಜಾಗದಲ್ಲೂ ಒಂದು ಗುಂಡುಸೂಜಿ ಚುಚ್ಚಿದ್ದಳು, ಎಲ್ಲ ದಿನಕ್ಕೂ ಚುಚ್ಚಿದ ಹಾಗೇ. ಟೀಚರ್ ಕೊನೆಯ ಸಾಲಿನಲ್ಲಿ ಕೂತಿದ್ದರು. ಆವತ್ತು ಅಂಗಡಿ ಮುಂದೆ ನಿಂತಿದ್ದವರಲ್ಲಿ ಹತ್ತು ಹನ್ನೆರಡು ಜನರ ಮುಖ ಗುರುತು ಸಿಕ್ಕಿತು. ಉದ್ದ ಬಂದಿರಲಿಲ್ಲ.

ಸಮುದ್ರದ ಮಾತೇ ಎತ್ತಲಿಲ್ಲ. ಎದ್ದು ನಿಂತವನು ಆ ಗುಂಡುಸೂಜಿ ತೋರಿಸಿ ಅಲ್ಲಿಂದಲೇ ಶುರು ಮಾಡಿದೆ. ಗೆರೆ, ನಟ್, ಇಳಿಜಾರು. ಆಮೇಲೆ ಹನ್ನೊಂದು ವರ್ಷ ಹಿಂದಕ್ಕೆ ಹೋದೆ. ಉದ್ದ ಹೇಳಿದ್ದು ನಿಜ, ನಾನು ಅವನಿಗೆ ಸುಳ್ಳುಗಾರ ಅಂದೆ, ನೀವೆಲ್ಲ ನನ್ನನ್ನು ನಂಬಿದಿರಿ, ಯಾಕೆಂದರೆ ನಾನು ಜೋರಾಗಿ ಹೇಳಿದೆ, ಅವನು ಮೆಲ್ಲಗೆ ಹೇಳಿದ. ಒಂದು ಗಂಟೆ ಕೇಳಿದ್ದರು, ಐದು ನಿಮಿಷದಲ್ಲಿ ಮುಗೀತು.

ಒಬ್ಬರು ಚಪ್ಪಾಳೆಗೆ ಕೈ ಎತ್ತಿ ಹಾಗೇ ಕೆಳಗಿಳಿಸಿದರು. ಮುಂದಿನ ಸಾಲಿನವನೊಬ್ಬ, ಒಟ್ಟು ಎಷ್ಟು ಪಂಕ್ಚರ್ ಆಯ್ತು ಸಾರ್ ಅಂತ ಕೇಳಿದ, ಪಾಪ. ನಾಲ್ಕು ಅಂದೆ. ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು, ಬಾಗಿಲ ತನಕ ಹೋಗಿ ನಿಂತಿತು.

ಮಗಳು ಹೊರಗೆ ಕಾಯುತ್ತಿದ್ದಳು. ಮೆಟ್ಟಿಲು ಇಳಿಯುವಾಗ ತೋಳು ಹಿಡಿದುಕೊಂಡಳು, ಬಿಡು ನಾನೇನು ಮುದುಕನಾ ಅನ್ನೋಕೆ ಹೋಗಿ ಸುಮ್ಮನಾದೆ. ಆವತ್ತು ಊಟದ ಹೊತ್ತಲ್ಲಿ ಪುಸ್ತಕ ಕಿತ್ತುಕೊಂಡೆನಲ್ಲ ಅಂದೆ. ಹ್ಞೂಂ, ಈಗ ಗೊತ್ತಾಯ್ತು ಅಂದಳು.

ಅಕ್ಟೋಬರ್ 21, ಮಂಗಳವಾರ

ಎರಡು ತಲೆಯ ಕರು ನೋಡೋಕೆ ಈಗ ಯಾರೂ ಬರ್ತಿಲ್ಲ. ಎದುರು ಮನೆಯವನು ಮಾತ್ರ ತನ್ನ ಸೈಕಲ್ ತಳ್ಳಿಕೊಂಡು ಬಂದು, ಇದೂ ನೀವೇ ರಿಪೇರಿ ಮಾಡಿದ್ದು, ಹೇಗೂ ಒಂದು ಸಲ ನೋಡಿಬಿಡಿ ಅಂದ. ಕುಹಕವೋ ಭಯವೋ ತಿಳೀಲಿಲ್ಲ. ಸ್ಪ್ಯಾನರ್ ತಂದು ಎಲ್ಲ ನಟ್ ನೋಡಿದೆ. ಬಿಗಿ ಇದ್ದವು. ಎರಡನೇ ಸಲವೂ ನೋಡಿದೆ. ಅವನು ಹೋಗುವಾಗ ತಲೆ ಕೆರೆದುಕೊಳ್ಳುತ್ತಾ, ನಾನು ತಮಾಷೆಗೆ ಅಂದೆ ಅಂದ.

ಅಕ್ಟೋಬರ್ 23, ಗುರುವಾರ

ಇವಳು ಆರು ನೀಲಿ ಸೀಟು ಮಡಚಿ, ದಾರ ಕಟ್ಟಿ, ನನ್ನ ಮುಂದಿಟ್ಟಳು. ಯಾವಾಗಲೂ ತಾನೇ ತಗೊಂಡು ಹೋಗೋಳು. ಇವತ್ತು ಕಾಲುನೋವು ಅಂದಳು. ನಲವತ್ತೊಂದು ವರ್ಷದಲ್ಲಿ ಇವಳಿಗೆ ಕಾಲುನೋವು ಬಂದದ್ದು ಇದೇ ಮೊದಲು. ಸೈಕಲ್ಲಿಗೆ ಕಟ್ಟಿಕೊಂಡು ಹೊರಟೆ. ಹೊರಡುವ ಮೊದಲು ನಟ್ಟುಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಈಗ ಗೆರೆ ನೋಡೋದಿಲ್ಲ.

ಉದ್ದ ಸೀಟು ಎಣಿಸಿಕೊಂಡು ಕಪಾಟಿಗೆ ಇಟ್ಟ. ನಾನು ಹೊರಡಬೇಕೋ ನಿಲ್ಲಬೇಕೋ ತಿಳೀದೆ ನಿಂತೇ ಇದ್ದೆ. ಅವನು ಒಂದು ಕುರ್ಚಿಯನ್ನು ಪಕ್ಕಕ್ಕೆ ಉರುಳಿಸಿ ದೊಡ್ಡ ಚಕ್ರ ಕೂರಿಸುತ್ತಿದ್ದ. ಇನ್ನೊಂದು ಚಕ್ರ ನೆಲದ ಮೇಲಿತ್ತು. ಅದನ್ನು ಕಾಲಿನಲ್ಲಿ ನನ್ನ ಕಡೆ ಸರಿಸಿದ.

ಕೂತೆ. ಚಕ್ರ ಕೂರಿಸಿದೆ. ನಟ್ ಕೈಯಲ್ಲಿ ತಿರುಗಿಸಿದೆ, ಸ್ಪ್ಯಾನರ್ ಹಾಕಿ ಬಿಗಿ ಮಾಡಿದೆ, ಪೂರ್ತಿ ಬಲ ಹಾಕಿ. ಕೈ ತಾನಾಗಿ ಜೇಬಿಗೆ ಹೋಯ್ತು, ಅಲ್ಲಿ ಸೀಮೆಸುಣ್ಣ ಇತ್ತು. ಹೊರಗೆ ತೆಗೆಯಲಿಲ್ಲ. ಆಯ್ತು, ನೋಡು ಅಂದೆ.

ಅವನು ತನ್ನ ಸ್ಪ್ಯಾನರ್ ಹಾಕಿದ. ನಟ್ ಇನ್ನೂ ಕಾಲು ಸುತ್ತು ತಿರುಗಿತು.

ತಪ್ಪನ್ನು ಜೀವವಿಲ್ಲದ ಬೆರಳಿನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ಅವನ ಮೇಜಿನ ಮೇಲೆ ಒಂದು ಮೋಟು ಸೀಮೆಸುಣ್ಣ ಇತ್ತು, ಇಷ್ಟು ವರ್ಷವೂ ಅದೇ ಪದ್ಧತಿ ನಡೆಸಿಕೊಂಡು ಬಂದಿದ್ದಾನೆ. ಗೆರೆ ಅವನೇ ಎಳೆದ. ಮೇಲೆ ಬಾಗಿಲ ಹತ್ತಿರ ಬೇಕು, ತಗೊಂಡು ಹೋಗು ಅಂದ.

ಇಳಿಜಾರಿನಲ್ಲಿ ತಳ್ಳಿಕೊಂಡು ಮೇಲೆ ಹೋದೆ. ಬಾಗಿಲಲ್ಲಿ ಟೀಚರ್ ಕೋಲು ಊರಿ ನಿಂತಿದ್ದರು, ನಡೆಯೋಕೆ ಉಸಿರು ಕೂಡಿಸಿಕೊಳ್ಳುತ್ತಾ. ನನ್ನನ್ನು ನೋಡಿದರು, ಕುರ್ಚಿ ನೋಡಿದರು. ಕೋಲಿನ ತುದಿಯಿಂದ ಒಂದು ಚಕ್ರ ಕುಟ್ಟಿದರು.

"ಇದನ್ನು ಬಿಗಿ ಮಾಡಿದ್ದು ಯಾರು?"

"ಅವನು" ಅಂದೆ.

ಕೂತರು.

ಇವತ್ತು, ಹೋಗಿ ಬಂದದ್ದು ಸೇರಿ, 6 ಕಿಲೋಮೀಟರ್.